ಕಿಟಕಿ ಮೇಲಿನವರು ಇಳಿದು ಹೋದರು

"ಬೀಳ್ತೀರ ಅಮ್ಮಾ, ಬೀಳ್ತೀರ. ಆ ಏಣಿ ನೆಟ್ಟಗಿದ್ದಿದ್ರೆ ನಾನ್ಯಾಕೆ ಕೆಳಗೆ ನಿಂತ್ಕೊಂಡು ರಗ್ಗು ಎಸೀತಿದ್ದೆ?"

ಮನೆಯವರೆಲ್ಲ ಕೊಕ್ಕೆ ಎಂದು ಕರೆಯುವ ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಬ್ಬಿಣದ ಏಣಿಯ ಕೊನೆಯ ಮೆಟ್ಟಿಲಿಗೆ ಕಾಲು ಕೊಟ್ಟು, ಮಂಡಿಯೂರಿ, ಮೇಲಿನ ಹಾಸಿಗೆಗೆ ಉರುಳಿಕೊಂಡಳು. ಎರಡಂತಸ್ತಿನ ಮಂಚ ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ವಾಲಿ, ಗೋಡೆಗೆ ಬಡಿದು ಸುಮ್ಮನಾಯಿತು.

ಅಂಗಾತ ಮಲಗಿದಳು. ಮೂಗಿನಿಂದ ಕೈಯಳತೆಯಲ್ಲೇ ಸೂರು. ಹೊಸದಾಗಿ ಬಿಳಿ ಬಣ್ಣ ಬಳಿದ ತಗಡು. ಬೆರಳಿನಿಂದ ಗಟ್ಟಿಯಾಗಿ ಉಜ್ಜಿದಳು. ಬೆರಳಿಗೆ ಏನೂ ಹತ್ತಲಿಲ್ಲ.

ಮೊನ್ನೆ ಬೆಳಿಗ್ಗೆ ಈ ಹಾಸಿಗೆಯ ಹುಡುಗಿ, ಯಾವುದೋ ಆಸ್ಪತ್ರೆಯ ನರ್ಸು, ಕಾಣೆಯಾಗಿದ್ದಳು. ನಿನ್ನೆಯಿಂದ ಈ ಹಾಸ್ಟೆಲಿನ ಯಜಮಾನ, ಕೊಕ್ಕೆಯ ಒಡಹುಟ್ಟಿದ ಅಣ್ಣ, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

"ಕೊನೇದಾಗಿ ಅವಳನ್ನ ನೋಡಿದವನು ನೀನೇ ಅಂದಮೇಲೆ ನೀನೇ ಕೂತ್ಕೋ," ಎಂದಿದ್ದ ಇನ್ಸ್‌ಪೆಕ್ಟರು. ಸಂಜೆಯೊಳಗೆ ಹುಡುಗಿಯ ಸುಳಿವು ಸಿಗದಿದ್ದರೆ ಬೆಂಚಿನಿಂದ ಎಬ್ಬಿಸಿ ಕಂಬಿಯ ಹಿಂದೆ ಹಾಕುವುದಾಗಿಯೂ ಹೇಳಿ ಕಳಿಸಿದ್ದ.

ಸಂಜೆ ಬಹಳ ದೂರವೇನೂ ಇರಲಿಲ್ಲ. ಬೆಟ್ಟದ ಊರಿನಲ್ಲಿ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಬಿಸಿಲು ಎದುರಿನ ಗುಡ್ಡದ ಹಿಂದಕ್ಕೆ ಜಾರಿಕೊಳ್ಳುತ್ತದೆ.

"ಏನು ಸಿಕ್ತು ಮೇಲೆ?" ಕೆಳಗಿನಿಂದ ರಗ್ಗಕ್ಕ ಕೇಳಿದಳು. ಹಾಸ್ಟೆಲಿನ ರಗ್ಗು, ದಿಂಬು, ಚಾದರಗಳೆಲ್ಲ ಅವಳ ಸುಪರ್ದಿ. ಒಗೆಯುವುದು, ಒಣಗಿಸುವುದು, ಮಡಿಸುವುದು, ಸರಿಯಾಗಿ ಮಡಿಸದವರಿಗೆ ಹಿಂದಿನಿಂದ ಶಾಪ ಹಾಕುವುದು.

"ಏನೂ ಸಿಗಲಿಲ್ಲ," ಎಂದಳು ಕೊಕ್ಕೆ.

"ಮತ್ತೆ ಯಾಕೆ ನಗ್ತಿದೀರ?"

"ಏನೂ ಸಿಗಲಿಲ್ಲ ಅಂತಾನೇ."

ರಗ್ಗಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಈ ಮನೆಯ ಅಣ್ಣತಂಗಿ ಇಬ್ಬರ ತಲೆಯೂ ಒಂದೇ ಅಂಗಡಿಯ ಮಾಲು ಎಂಬ ಭಾವ ಅವಳ ಮುಖದ ಮೇಲೆ ಬರೆದಂತಿತ್ತು.

ಕೊಕ್ಕೆ ಎಂಬ ಹೆಸರಿಟ್ಟದ್ದು ಅಣ್ಣನೇ. ಚಿಕ್ಕವಳಿದ್ದಾಗ ಯಾರು ಏನೇ ಹೇಳಲಿ, ಅದಕ್ಕೊಂದು ಪ್ರಶ್ನೆಯ ಕೊಕ್ಕೆ ಹಾಕಿ ಎಳೆಯುತ್ತಿದ್ದಳು. ಮನೆಯಲ್ಲಿ ಬೈಗುಳವಾಗಿದ್ದದ್ದು ಮುಂದೆ ಉದ್ಯೋಗವಾಯಿತು. ವಿಮಾ ಕಂಪನಿಯೊಂದರಲ್ಲಿ, ಸುಟ್ಟ ಅಂಗಡಿ ತಾನಾಗಿ ಸುಟ್ಟದ್ದೋ ಮಾಲೀಕನೇ ಸುಟ್ಟುಕೊಂಡದ್ದೋ ಎಂದು ನೋಡಿ ಬರುವ ಕೆಲಸ ಅವಳದು. ಅಪರಿಚಿತರ ಸುಳ್ಳು ಅವಳಿಗೆ ಹೊಸತಲ್ಲ. ಸ್ವಂತ ಅಣ್ಣನ ನಿಜವನ್ನು ಸಾಬೀತು ಮಾಡುವ ಕೆಲಸ ಮಾತ್ರ ಈವರೆಗೆ ಬಂದಿರಲಿಲ್ಲ.

ನಿನ್ನೆ ಠಾಣೆಯಲ್ಲಿ ಅವನು ಅವಳ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದ್ದ. "ಕಿಟಕಿ ಮೇಲು ಮೊದಲ ಬಸ್ಸಿಗೆ ಹೋದ್ರು ಕಣೇ. ಗೇಟು ತೆಗೆದವನು ನಾನೇ."

ಈ ಹಾಸ್ಟೆಲಿನಲ್ಲಿ ಯಾರಿಗೂ ಹೆಸರಿಲ್ಲ. ಗುರುತಿನ ಚೀಟಿ ತೋರಿಸುವಾಗ ಒಮ್ಮೆ ಬಾಯಿಗೆ ಬಂದ ಹೆಸರು ಕೌಂಟರಿನಲ್ಲೇ ಉಳಿದುಬಿಡುತ್ತದೆ. ಮೆಟ್ಟಿಲು ಹತ್ತಿ ಹೆಂಗಸರ ಕೋಣೆಗೆ ಬಂದರೆ ಮನುಷ್ಯರು ಮಂಚಗಳಾಗುತ್ತಾರೆ. ಕಿಟಕಿ ಪಕ್ಕದ ಮಂಚದಲ್ಲಿ ಕಿಟಕಿ ಮೇಲು, ಕಿಟಕಿ ಕೆಳಗು. ಬಾಗಿಲ ಪಕ್ಕದ ಮಂಚದಲ್ಲಿ ಬಾಗಿಲು ಮೇಲು, ಬಾಗಿಲು ಕೆಳಗು. "ಬಾಗಿಲು ಮೇಲಿಗೆ ಬಿಸಿನೀರು ಬೇಕಂತೆ." "ಕಿಟಕಿ ಕೆಳಗು ಚಪ್ಪಲಿ ಹುಡುಕ್ತಿದಾರೆ." ಹೊಸಬರು ಮೊದಲ ದಿನ ಕೇಳಿ ನಗುತ್ತಾರೆ, ಮರುದಿನದಿಂದ ತಾವೇ ಹಾಗೆ ಕರೆದುಕೊಳ್ಳುತ್ತಾರೆ.

ಆ ದಿನ ಬಾಗಿಲು ಮೇಲು ಖಾಲಿ. ಬಾಗಿಲು ಕೆಳಗಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡ ಹಿರಿಯ ಹೆಂಗಸು. ಅವರು ಈಗಲೂ ಇಲ್ಲೇ ಇದ್ದರು. ಕಿಟಕಿ ಮೇಲು ನರ್ಸು. ಕಿಟಕಿ ಕೆಳಗು ಒಬ್ಬ ಸ್ಕೂಲ್ ಟೀಚರು. ಟೀಚರು ಅದೇ ಮೊದಲ ಬಸ್ಸಿನಲ್ಲಿ ಸುಖವಾಗಿ ಊರು ಸೇರಿದ್ದರು. ಪೊಲೀಸರು ಫೋನಿನಲ್ಲಿ ಕೇಳಿದಾಗ, ಬಸ್ಸು ತುಂಬಿತ್ತು, ನಾನು ಕೂತಲ್ಲೇ ನಿದ್ದೆಹೋದೆ, ಯಾರು ಹತ್ತಿದರೋ ಯಾರು ಇಳಿದರೋ ನೋಡಲಿಲ್ಲ ಎಂದಿದ್ದರು. ನರ್ಸು ಮಾತ್ರ ಯಾವ ಊರನ್ನೂ ಸೇರಿರಲಿಲ್ಲ.

ಇಷ್ಟಕ್ಕೂ ಕೊಕ್ಕೆ ಏಣಿ ಹತ್ತಿದ್ದು ಅತ್ತಿಗೆಯ ಒಂದು ಗೊಣಗಾಟದಿಂದ.

ಬೆಳಿಗ್ಗೆ ಅಡುಗೆಮನೆಯಲ್ಲಿ ಬ್ರೆಡ್ಡು ಸುಡುತ್ತ ಅತ್ತಿಗೆ ಅತಿಥಿಗಳ ದೂರುಗಳ ಸರಮಾಲೆ ಬಿಚ್ಚಿದ್ದಳು. ಹಾಸ್ಟೆಲು ನಡೆಸುವವರಿಗೆ ಇದು ದಿನಾ ಇರುವ ಗೋಳು. ಗೀಸರು ಅರ್ಧ ಬಕೆಟ್ಟಿಗೇ ಸುಸ್ತಾಗುತ್ತದೆ. ಗಂಡಸರ ಕೋಣೆಯಲ್ಲಿ ಒಬ್ಬರ ಗೊರಕೆಗೆ ಇನ್ನೊಬ್ಬರು ತಾಳ ಹಾಕುತ್ತಾರೆ. ಫ್ರಿಜ್ಜಿನಲ್ಲಿಟ್ಟ ಮೊಸರನ್ನು ಯಾರೋ ಅರ್ಧ ತಿಂದು ಮುಚ್ಚಳ ಹಾಕಿಟ್ಟಿದ್ದಾರೆ. ಬೆಟ್ಟ ಕಾಣುವ ಕಿಟಕಿ ಎಂದಿದ್ದಿರಿ, ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು.

"ಆ ನರ್ಸಮ್ಮ ಒಬ್ಬಳು ಏನೂ ಅಂತಿರಲಿಲ್ಲ ಪಾಪ," ಎಂದಿದ್ದಳು ಅತ್ತಿಗೆ. "ಒಂದೇ ಒಂದು ಸಲ, ಹೋಗೋ ಹಿಂದಿನ ದಿನ, ಕಣ್ಣು ಕೆಂಪಗೆ ಮಾಡ್ಕೊಂಡು ಕೋಣೆ ಬಾಗಿಲು ಹಿಡ್ಕೊಂಡು ನಿಂತು, ಮೇಲಿಂದ ಕಣ್ಣಿಗೆ ಪುಡಿ ಬೀಳತ್ತೆ ಅಕ್ಕಾ ಅಂದ್ಳು. ನನಗೆ ಉರಿದುಹೋಯ್ತು. ಸೂರಿಗೆ ಬಣ್ಣ ಹೊಡೆಸಿ ಇನ್ನೂ ವಾಸನೆ ಹೋಗಿಲ್ಲ, ಪುಡಿ ಎಲ್ಲಿಂದ ಬೀಳತ್ತಮ್ಮ ಅಂದೆ. ಸುಮ್ಮನೆ ನಕ್ಕಳು. ಈಗ ನೆನೆಸ್ಕೊಂಡ್ರೆ ಹಾಗನ್ನಬಾರದಿತ್ತು ಅನ್ಸತ್ತೆ."

ಈಗ ಕೊಕ್ಕೆ ಏಣಿಯಿಂದ ಇಳಿದು, ಕೆಳಗಿನ ಹಾಸಿಗೆಯ ಮೇಲೆ ನೀಳವಾಗಿ ಮಲಗಿದಳು.

"ರಗ್ಗಕ್ಕ, ಒಂದು ಉಪಕಾರ. ನೀವು ಮೇಲೆ ಹತ್ತಿ ಮಲಗಿ."

"ನಾನಾ?"

"ಮಲಗಿ ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ ಹೊರಳಿ. ಅಷ್ಟೇ."

"ನನ್ನ ಮದುವೆ ಆದಾಗ್ಲಿಂದ ಇಂಥ ಮಾತು ಯಾರೂ ಹೇಳಿರಲಿಲ್ಲ ನೋಡಿ. ಮಲಗಿ ಹೊರಳಿ ಅಂತ." ರಗ್ಗಕ್ಕ ಸೆರಗು ಸಿಕ್ಕಿಸಿಕೊಂಡಳು. "ನಾನು ಬಿದ್ದು ಸತ್ರೆ ನಿಮ್ಮ ಕಂಪನಿಯವರೇ ಕೊಡಬೇಕು."

ಏಣಿ ನರಳಿತು. ಮಂಚ ನರಳಿತು. ರಗ್ಗಕ್ಕ ಮೇಲೆ ಮಲಗಿ ಹೊರಳಿದಳು.

ಮೇಲಿನ ಹಾಸಿಗೆಯ ತಳಕ್ಕೆ ಹಾಕಿದ್ದ ಹಲಗೆ ಹಳೆಯದು. ಹುಳ ಕೊರೆದ ಸಣ್ಣ ಸಣ್ಣ ತೂತುಗಳು. ಭಾರ ಹೊರಳಿದ ಕೂಡಲೇ ಆ ತೂತುಗಳಿಂದ ಹಿಟ್ಟಿನಂಥ ಹಳದಿ ಪುಡಿ ಸಣ್ಣಗೆ ಉದುರಿತು. ಕೊಕ್ಕೆಯ ಕೆನ್ನೆಯ ಮೇಲೆ, ತುಟಿಯ ಮೇಲೆ, ಎಡಗಣ್ಣಿನೊಳಗೆ.

ಅವಳು ಕಣ್ಣು ಒತ್ತಿಕೊಂಡು ಎದ್ದು ಕೂತಳು. ಉರಿಯುತ್ತಿತ್ತು. ಸಂತೋಷವೂ ಆಗುತ್ತಿತ್ತು.

ಮೇಲೆ ಮಲಗಿದವರ ಕಣ್ಣಿಗೆ ಪುಡಿ ಬೀಳುವುದು ಸಾಧ್ಯವೇ ಇರಲಿಲ್ಲ. ನರ್ಸು ಮೇಲೆ ಮಲಗಿರಲೇ ಇಲ್ಲ.

"ರಗ್ಗಕ್ಕ, ಮೊನ್ನೆ ಬೆಳಿಗ್ಗೆ ಕಿಟಕಿ ಮೇಲು ಹೋದ್ರು ಅಂತ ನೀವು ಹೇಳಿದ್ರಲ್ಲ. ಮುಖ ನೋಡಿದ್ರಾ?"

"ಮುಖ ಯಾಕೆ ನೋಡಲಿ? ರಗ್ಗು ನೋಡ್ದೆ." ಮೇಲಿನಿಂದ ಉತ್ತರ ಬಂತು. ಅಲ್ಲಿ ಹಾಯೆನಿಸಿತೋ ಏನೋ, ಇಳಿಯುವ ಆತುರ ಕಾಣಲಿಲ್ಲ. "ನಂದು ಲೆಕ್ಕ ರಗ್ಗಲ್ಲಿ. ಒಂದೊಂದು ಮಂಚದ ರಗ್ಗಿನ ಮೂಲೆಗೆ ಒಂದೊಂದು ಬಣ್ಣದ ದಾರ ಹೊಲಿದಿದೀನಿ. ಹೋಗೋರು ರಗ್ಗು ಮಡಿಸಿ ಮೆಟ್ಟಿಲ ಹತ್ರ ಸ್ಟ್ಯಾಂಡಲ್ಲಿ ಇಟ್ಟು ಹೋಗಬೇಕು. ಕಿಟಕಿ ಮೇಲಿಂದು ಕೆಂಪು ದಾರ. ಅಚ್ಚುಕಟ್ಟಾಗಿ ಮಡಿಸಿ ಇಟ್ಟಿತ್ತು. ಸರಿ, ಕಿಟಕಿ ಮೇಲು ಹೋದ್ರು ಅಂತ ಯಜಮಾನ್ರಿಗೆ ಹೇಳ್ದೆ."

"ಕಿಟಕಿ ಕೆಳಗಿಂದು?"

"ಅಯ್ಯೋ ಅದನ್ನ ಕೇಳಬೇಡಿ. ಹಾಸಿಗೆ ಮೇಲೇ ಉಂಡೆ ಮಾಡಿ ಬಿಸಾಕಿತ್ತು, ಒಂದು ತುದಿ ನೆಲಕ್ಕೆ ಬಿದ್ದಿತ್ತು. ಮಕ್ಕಳಿಗೆ ಶಿಸ್ತು ಕಲಿಸೋ ಟೀಚರಮ್ಮನ ಕೆಲಸ ನೋಡು ಅಂತ ಬೈಕೊಂಡೆ."

"ಬೈದಿದ್ದು ವಾಪಸ್ ತಗೊಳ್ಳಿ. ಮಡಿಸಿ ಇಟ್ಟವರೇ ಟೀಚರು."

ರಗ್ಗಕ್ಕನ ತಲೆ ಮಂಚದ ಅಂಚಿನಿಂದ ಕೆಳಗೆ ಇಣುಕಿತು, ತಲೆಕೆಳಗಾಗಿ.

ಕೊಕ್ಕೆ ಬಿಡಿಸಿ ಹೇಳಿದಳು. ಇಬ್ಬರೂ ಮಂಚ ಬದಲಾಯಿಸಿಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ, ಹೇಳುವಂಥ ವಿಷಯ ಎಂದು ಅವರಿಗೆ ಅನ್ನಿಸಿರಲೂ ಇಲ್ಲ. ಬೆಳಿಗ್ಗೆ ಮೇಲಿನಿಂದ ಇಳಿದು, ಕೆಂಪು ದಾರದ ರಗ್ಗು ಮಡಿಸಿಟ್ಟು ಬಸ್ಸಿಗೆ ಹೋದದ್ದು ಟೀಚರು. ರಗ್ಗಕ್ಕ ರಗ್ಗು ನೋಡಿ ಕಿಟಕಿ ಮೇಲು ಎಂದಳು. ಮಬ್ಬುಗತ್ತಲಲ್ಲಿ ಶಾಲು ಹೊದ್ದ ಒಬ್ಬ ಹೆಂಗಸಿಗೆ ಗೇಟು ತೆಗೆದ ಅಣ್ಣ, ರಗ್ಗಕ್ಕನ ಮಾತು ಕೇಳಿ ತಾನೂ ಕಿಟಕಿ ಮೇಲು ಎಂದ. ಪೊಲೀಸರ ಕಿವಿಗೆ ಅದು ನರ್ಸು ಎಂದಾಯಿತು.

"ಅಂದ್ರೆ ಯಜಮಾನ್ರು ಸುಳ್ಳು ಹೇಳಿಲ್ಲ."

"ಹೇಳಿಲ್ಲ. ನರ್ಸನ್ನ ಕೊನೇದಾಗಿ ನೋಡಿದವನು ಅವನಲ್ಲವೇ ಅಲ್ಲ."

"ನನ್ನ ರಗ್ಗಿಂದ ಇಷ್ಟೆಲ್ಲ ಆಯ್ತಾ?" ಅವಳ ದನಿ ಸಣ್ಣದಾಯಿತು.

"ನಿಮ್ಮ ರಗ್ಗಿಂದಾನೇ ಬಿಡುಗಡೆನೂ ಆಗತ್ತೆ. ಇಳೀರಿ, ಏಣಿ ಹಿಡ್ಕೋತೀನಿ."

ಅತ್ತಿಗೆ ಕೌಂಟರಿನ ಹಿಂದೆ, ಆಫ್ ಆಗಿದ್ದ ಹೀಟರಿನ ಎದುರು ಕೈ ಕಾಯಿಸಿಕೊಳ್ಳುವ ಭಂಗಿಯಲ್ಲಿ ಕೂತಿದ್ದಳು. ಅದು ಆಫ್ ಆಗಿದೆ ಎಂಬುದು ಅವಳಿಗೆ ಗೊತ್ತಿದ್ದಂತಿರಲಿಲ್ಲ. ಕೊಕ್ಕೆ ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವಳ ಬೆನ್ನು ನೆಟ್ಟಗಾಯಿತು.

"ಫೋನ್ ಮಾಡ್ಲಾ ಇನ್ಸ್‌ಪೆಕ್ಟರಿಗೆ?"

"ಮಾಡಿ ಅತ್ತಿಗೆ. ಒಂದಕ್ಷರ ಬಿಡದೆ ಹೇಳಿ. ಪುಡಿ, ಹಲಗೆ, ರಗ್ಗು, ಎಲ್ಲ."

"ಪಾಪ, ಆ ಹುಡುಗಿಯ ಅಣ್ಣನೂ ಅಲ್ಲೇ ಇದಾರೆ. ಅವರಿಗೂ ಒಂದಿಷ್ಟು ಸಮಾಧಾನ ಆಗತ್ತೆ."

ದೂರು ಕೊಟ್ಟಿದ್ದು ಅವನೇ. ನಿನ್ನೆ ಇನ್ಸ್‌ಪೆಕ್ಟರ ಜೀಪಿನಲ್ಲೇ ಬಂದಿಳಿದಿದ್ದ. ನಯವಾದ ಮಾತು, ಇಸ್ತ್ರಿ ಮಾಡಿದ ಅಂಗಿ. 'ನನ್ನ ತಂಗಿ' ಎನ್ನುವಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದುದರಿಂದ ರಗ್ಗಕ್ಕ ಅವನಿಗೆ ಕರ್ಚೀಫು ಎಂದು ಹೆಸರಿಟ್ಟಿದ್ದಳು. ನಿನ್ನೆಯಿಂದ ಅವನು ಬಸ್ಸು ಹೋದ ದಾರಿಯ ಊರೂರನ್ನೂ ಜೀಪಿನಲ್ಲಿ ಜಾಲಾಡಿ, ಮಧ್ಯಾಹ್ನವಷ್ಟೇ ಹಿಂತಿರುಗಿದ್ದ.

ಅತ್ತಿಗೆ ಫೋನೆತ್ತಿಕೊಂಡಳು. ಕೊಕ್ಕೆ ಮೆಟ್ಟಿಲ ಕಡೆ ತಿರುಗಿದಳು. ಇನ್ನೊಂದು ಗಂಟು ಉಳಿದಿತ್ತು.

ಒಂದೇ ಕೋಣೆಯಲ್ಲಿ ಮಲಗಿದ್ದ ಮೂರನೆಯವರಿಗೆ ಈ ಅದಲುಬದಲು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಕನ್ನಡಕದಂಗಡಿಯವರು ತಾರಸಿಯ ಮೇಲಿದ್ದರು. ತಂತಿಯ ಮೇಲೆ ಸಾಲಾಗಿ ಚಾದರಗಳು, ಗಾಳಿಗೆ ಒಂದರ ಮೇಲೊಂದು ಬಡಿದುಕೊಳ್ಳುತ್ತಿದ್ದವು. ಅವುಗಳ ಮರೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲಿಗೆ ಬಿಸಿಲು ಬೀಳುವಂತೆ ಕೂತು, ತಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಿದ್ದರು. ವರ್ಷಕ್ಕೊಮ್ಮೆ ಅಂಗಡಿಯನ್ನು ಸೊಸೆಯ ಕೈಗೆ ಕೊಟ್ಟು ಒಬ್ಬರೇ ಇಲ್ಲಿಗೆ ಬರುತ್ತಾರಂತೆ. ವರ್ಷವಿಡೀ ಹತ್ತಿರದ್ದನ್ನೇ ನೋಡಿ ನೋಡಿ ಕಣ್ಣು ಸೋತಿರುತ್ತೆ, ಇಲ್ಲಿ ದೂರದ್ದನ್ನ ನೋಡಬಹುದು ಎಂದು ಮೊದಲ ದಿನವೇ ಹೇಳಿದ್ದರು.

"ಎಡಗಣ್ಣು ಉಜ್ಜಬೇಡಿ," ಎಂದರು, ಕೊಕ್ಕೆ ಬಾಯಿ ತೆರೆಯುವ ಮೊದಲೇ. "ಉಜ್ಜಿದ್ರೆ ಇನ್ನೂ ಒಳಗೆ ಹೋಗತ್ತೆ. ಏನು ಬಿತ್ತು?"

"ಪುಡಿ."

"ಎಂಥ ಪುಡಿ?"

"ಮೊನ್ನೆ ನರ್ಸಿನ ಕಣ್ಣಿಗೆ ಬಿದ್ದಿತ್ತಲ್ಲ ಮೇಡಂ, ಅದೇ."

ಸೆರಗು ಕನ್ನಡಕದ ಗಾಜಿನ ಮೇಲೆ ನಿಂತುಹೋಯಿತು.

ಕೊಕ್ಕೆ ತಂತಿಯ ಚಾದರವನ್ನು ಪಕ್ಕಕ್ಕೆ ಸರಿಸಿ ಅವರೆದುರು ಕಟ್ಟೆಯ ಮೇಲೆ ಕೂತಳು. "ಪೊಲೀಸರಿಗೆ ಏನು ಹೇಳಿದ್ರಿ, ಇನ್ನೊಂದ್ಸಲ ಹೇಳ್ತೀರಾ?"

"ಕಿಟಕಿ ಮೇಲಿನವರು ಏಣಿ ಇಳಿದು ಹೋದ್ರು, ಅಂದೆ."

"ಯಾರು, ನರ್ಸಾ?"

"ಕಿಟಕಿ ಮೇಲೆ ಮಲಗಿದ್ದವರು."

"ನರ್ಸಾ, ಟೀಚರಾ ಮೇಡಂ?"

ಅವರು ಕನ್ನಡಕ ಹಾಕಿಕೊಂಡರು. ಕೊಕ್ಕೆಯನ್ನು ಅಕ್ಷರದ ಪಟ ನೋಡುವಂತೆ ಒಂದು ಗಳಿಗೆ ನೋಡಿದರು.

"ಅವರು ಅದನ್ನ ಕೇಳಲಿಲ್ಲ," ಎಂದರು.

"ನಾನು ಕೇಳ್ತಿದೀನಿ."

"ನೀವು ಕೇಳೋಕೆ ಬರೋ ಹೊತ್ತಿಗೆ ನಿಮಗೆ ಉತ್ತರ ಗೊತ್ತಿದೆ. ಮತ್ತೆ ನನ್ನ ಬಾಯಿಂದ ಯಾಕೆ?"

"ನಮ್ಮಣ್ಣ ಎರಡನೇ ದಿನ ಠಾಣೆಯಲ್ಲಿ ಕೂತಿದಾನೆ. ಅದಕ್ಕೆ." ಕೊಕ್ಕೆಗೆ ತನ್ನ ದನಿ ಏರುತ್ತಿರುವುದು ಗೊತ್ತಾಯಿತು. ಸುಟ್ಟ ಅಂಗಡಿಗಳವರ ಎದುರು ಎಂದೂ ಏರದ ದನಿ. "ನೀವು ಅವನ ಕೈಯಿಂದ ಚಹಾ ಕುಡಿದಿದೀರಿ. ನಿಮ್ಮ ಕಾಲಿಗೆ ಚಳಿ ಅಂತ ತನ್ನ ರೂಮಿನ ಹೀಟರು ತಂದುಕೊಟ್ಟಿದಾನೆ. ಒಂದು ಮಾತು, ಮಂಚ ಬದಲಾಗಿತ್ತು ಅಂತ ಒಂದೇ ಒಂದು ಮಾತು ಹೇಳಿದ್ರೆ ಅವನು ಮನೆಯಲ್ಲಿರ್ತಿದ್ದ. ಅಷ್ಟು ಭಾರ ಆಯ್ತಾ ನಿಮಗೆ?"

"ಹೌದು," ಎಂದರು ಅವರು. "ತುಂಬಾ ಭಾರ."

ಚಾದರ ಬಡಿದು ಸುಮ್ಮನಾಯಿತು.

"ಆ ಹುಡುಗಿ ಬಂದ ದಿನವೇ ಬಸ್‌ಸ್ಟ್ಯಾಂಡಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿತ್ತು," ಅವರು ನಿಧಾನವಾಗಿ ಶುರುಮಾಡಿದರು. "ಪಾದ ಊದಿ ಚಪ್ಪಲಿಗೆ ಹಿಡೀತಿರಲಿಲ್ಲ. ಆ ಏಣಿ ಹೇಗೆ ಹತ್ತತ್ತೆ? ಟೀಚರು ಒಳ್ಳೆಯವರು, ನೀನು ಕೆಳಗೆ ಮಲಕ್ಕೋಮ್ಮ ಅಂತ ತಾವೇ ಮೇಲೆ ಹೋದ್ರು. ಅದರಲ್ಲೇನೂ ಗುಟ್ಟಿರಲಿಲ್ಲ. ಮಾರನೇ ದಿನ ಪುಡಿ ಬಿದ್ದ ಕಣ್ಣು ತೊಳೆದುಕೊಟ್ಟವಳು ನಾನೇ."

"ಕಾಲು ಊದಿತ್ತು ಅಂದ್ರೆ..." ಕೊಕ್ಕೆಯ ತಲೆ ಓಡುತ್ತಿತ್ತು. "ಅವಳು ಬಸ್‌ಸ್ಟ್ಯಾಂಡಿಗೆ ಇಳಿಯೋದಿರಲಿ, ಈ ಬೀದಿ ದಾಟೋದೂ ಕಷ್ಟ. ಆ ಕಾಲಿಟ್ಟುಕೊಂಡು ಒಬ್ಬಳೇ ಎಲ್ಲಿಗೆ ಹೋದ್ಲು?"

"ಒಬ್ಬಳೇ ಹೋದಳು ಅಂತ ನಾನು ಹೇಳಲಿಲ್ಲ."

ಕೊಕ್ಕೆ ಕಟ್ಟೆಯ ಮೇಲೆ ಮುಂದಕ್ಕೆ ಸರಿದಳು.

"ನೀವು ತಂಗಿ," ಎಂದರು ಅವರು. "ನಿಮಗೆ ಹೇಳಿರ್ತಾರೆ ಅಂದುಕೊಂಡಿದ್ದೆ. ಇಲ್ಲವಾ? ನಿಮ್ಮಣ್ಣನೇ ಕರ್ಕೊಂಡು ಹೋದ್ರು. ಟೀಚರು ಏಳೋದಕ್ಕೂ ಮುಂಚೆ. ಹೆಗಲು ಕೊಟ್ಟು, ಹೆಚ್ಚುಕಡಿಮೆ ಎತ್ತಿಕೊಂಡೇ. ಆ ಮಗು ರಗ್ಗು ಮಡಿಸೋಕೆ ಹೋಯ್ತು. ಬಿಡಮ್ಮ ಅದನ್ನ ಅಂದ್ರು ಅವರು."

ಕೊಕ್ಕೆಗೆ ಅಣ್ಣನ ಕಿವಿ ನೆನಪಾಯಿತು. ಚಿಕ್ಕಂದಿನಲ್ಲಿ ಅಣ್ಣ ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡಿಯೇ ಅವಳು ಪ್ರಶ್ನೆ ಕೇಳುವುದನ್ನು ಕಲಿತದ್ದು. ನಿನ್ನೆ ಠಾಣೆಯಲ್ಲಿ ಅವನು ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ. ಚಳಿ ಇರಬೇಕು ಎಂದುಕೊಂಡು ತನ್ನ ಶಾಲನ್ನೂ ಹೊದಿಸಿ ಬಂದಿದ್ದಳು.

"ಯಾಕೆ?" ಎಂದಳು ಕೊನೆಗೆ.

"ಹಿಂದಿನ ದಿನ ಸಂಜೆ ನಿಮ್ಮಣ್ಣನಿಗೆ ಒಂದು ಫೋನು ಬಂತು. ಗಂಡಸಿನ ದನಿ. ನಮ್ಮ ತಂಗಿ ನಿಮ್ಮಲ್ಲಿ ಇದಾಳಾ, ನಾನು ಬರ್ತಿದೀನಿ, ಅವಳಿಗೆ ಹೇಳಬೇಡಿ, ಖುಷಿಯಾಗಲಿ ಅಂತ. ನಿಮ್ಮಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲಲ್ಲ ನೋಡಿ. ಬಾಗಿಲಲ್ಲೇ ನಿಂತು ನಗ್ತಾ ಆ ಹುಡುಗಿಗೆ ಹೇಳಿದ್ರು, ನಿಮ್ಮಣ್ಣ ಬರ್ತಾರಂತಮ್ಮ ಅಂತ." ಅವರು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. "ನಾನು ಎಷ್ಟೋ ಜನರ ಕಣ್ಣಿಗೆ ಬೆಳಕು ಬಿಟ್ಟು ನೋಡಿದೀನಮ್ಮ. ಒಂದು ಮಾತಿಗೆ ಕಣ್ಣಿನ ಪಾಪೆ ಹಾಗೆ ಅಗಲ ಆಗಿದ್ದನ್ನ ನೋಡಿರಲಿಲ್ಲ. ನನಗೆ ಅಣ್ಣನೇ ಇಲ್ಲ ಸಾರ್, ಅಂತು ಆ ಮಗು."

"ಹಾಗಾದ್ರೆ ಕರ್ಚೀಫು..."

"ಯಾರೋ ನನಗೆ ಗೊತ್ತಿಲ್ಲ. ಅವಳ ಆಸ್ಪತ್ರೆಗೆ ಸಂಬಂಧಪಟ್ಟ ವಿಷಯ ಅಂತ ಮಾತ್ರ ಹೇಳಿದ್ಲು. ತಾನು ನೋಡಬಾರದ್ದನ್ನ ಏನೋ ನೋಡಿದೆ ಅಂತ. ನಿನ್ನೆ ಹಾಲಲ್ಲಿ ಕೂತು ಅವನು ಕಣ್ಣು ಒರೆಸ್ಕೊಳ್ತಿದ್ದಾಗ ನಾನು ಹತ್ತಿರದಿಂದ ನೋಡಿದೆ. ಒಣಗಿದ ಕಣ್ಣು. ಒಂದು ಹನಿ ಇರಲಿಲ್ಲ."

"ಅಣ್ಣ ಪೊಲೀಸರಿಗೆ ಹೇಳಬಹುದಿತ್ತಲ್ಲ."

"ಯಾರ ಜೀಪಲ್ಲಿ ಬಂದ ಅವನು?"

ಕೊಕ್ಕೆ ತಲೆ ತಗ್ಗಿಸಿದಳು. ಸುಟ್ಟ ಅಂಗಡಿಗಳ ವಿಷಯದಲ್ಲಿ ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ ಆಗಿರುತ್ತಿತ್ತು: ಯಾರು ಯಾರ ಜೊತೆ ಬಂದರು. ಇಲ್ಲಿ ಕೇಳಲು ಹೊಳೆದಿರಲಿಲ್ಲ. ಅಣ್ಣ ನಿಜ ಹೇಳುತ್ತಿದ್ದಾನೆ ಎಂದು ಮೊದಲೇ ತೀರ್ಮಾನಿಸಿ, ಆ ತೀರ್ಮಾನಕ್ಕೆ ಸಾಕ್ಷಿ ಹುಡುಕುತ್ತ ಏಣಿ ಹತ್ತಿದ್ದಳು.

"ಅವಳು ಬಸ್ಸಲ್ಲಿ ಹೋದಳು ಅಂತ ಎಲ್ಲರೂ ನಂಬಲಿ, ಕೆಳಗಿನ ಊರುಗಳಲ್ಲಿ ಹುಡುಕ್ತಾ ಇರಲಿ, ಅಷ್ಟರಲ್ಲಿ ಅವಳ ಕಡೆಯವರು ಯಾರೋ ಬಂದು ಕರ್ಕೊಂಡು ಹೋಗ್ತಾರೆ ಅಂದ್ರು ನಿಮ್ಮಣ್ಣ," ಕನ್ನಡಕದಂಗಡಿಯವರು ಮುಂದುವರಿಸಿದರು. "ನನಗೆ ಸುಳ್ಳು ಹೇಳೋಕೆ ಬರಲ್ಲಪ್ಪ ಅಂದೆ. ಸುಳ್ಳು ಬೇಡ ಮೇಡಂ, ಕಿಟಕಿ ಮೇಲಿನವರು ಇಳಿದು ಹೋದ್ರು ಅಂತ ನಿಜವನ್ನೇ ಹೇಳಿ, ಉಳಿದದ್ದನ್ನ ಅವರೇ ತಪ್ಪಾಗಿ ತಿಳ್ಕೋತಾರೆ ಅಂದ್ರು. ಹೇಳಿಕೊಟ್ಟು ನಕ್ಕರು ಕೂಡ."

"ಎಲ್ಲಿಟ್ಟಿದಾನೆ ಅವಳನ್ನ?"

"ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗೊತ್ತಿದ್ರೆ ತಾನೆ ಬಾಯಿ ಬಿಡಿಸೋದು. ಈ ಊರಲ್ಲೇ, ಇಷ್ಟು ಗೊತ್ತು. ಆ ಕಾಲಿಟ್ಟುಕೊಂಡು ದೂರ ಎಲ್ಲಿ ಹೋಗೋಕಾಗತ್ತೆ." ಅವರು ಮುಂದಕ್ಕೆ ಬಾಗಿದರು. "ನೋಡಮ್ಮ, ನೀವು ಸಿಟ್ಟಲ್ಲಿ ಬಂದ್ರಿ, ಅದಕ್ಕೇ ಹೇ‍ಳಿಬಿಟ್ಟೆ. ನಿಮ್ಮಣ್ಣನಿಗೆ ಏನೂ ಆಗಲ್ಲ. ಹೆಣ ಇಲ್ಲ, ಸಾಕ್ಷಿ ಇಲ್ಲ, ಎಷ್ಟು ದಿನ ಕೂರಿಸ್ತಾರೆ? ಅವರು ಬಾಯಿ ಮುಚ್ಕೊಂಡು ಕೂತಷ್ಟೂ ಹೊತ್ತು ಆ ಮಗು ಉಳಿಯತ್ತೆ. ಈ ಮಂಚದ ವಿಷಯ ನಿಮ್ಮ ಹೊಟ್ಟೆಯಲ್ಲೇ ಇರಲಿ. ಯಾರಿಗೂ ಹೇಳಿಲ್ಲ ತಾನೆ?"

ಕೊಕ್ಕೆ ಎದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ. ಒದ್ದೆ ಚಾದರ ಮುಖಕ್ಕೆ ಸುತ್ತಿಕೊಂಡಿತು. ಕಿತ್ತೆಸೆದು ಮೆಟ್ಟಿಲಿಗೆ ಓಡಿದಳು.

ಒಂದಕ್ಷರ ಬಿಡದೆ ಹೇಳಿ ಅತ್ತಿಗೆ. ತನ್ನದೇ ಮಾತು ಒಂದೊಂದು ಮೆಟ್ಟಿಲಿಗೂ ಹಿಂದಿನಿಂದ ತಳ್ಳಿದಂತಾಗುತ್ತಿತ್ತು.

ಕೌಂಟರಿನಲ್ಲಿ ಫೋನು ಕೆಳಗಿಟ್ಟಾಗಿತ್ತು. ಅತ್ತಿಗೆ ಮುಖ ತೊಳೆದು, ತಲೆ ಬಾಚಿಕೊಂಡು, ಕನ್ನಡಿಯಿಲ್ಲದೆಯೇ ಬೊಟ್ಟಿಟ್ಟುಕೊಳ್ಳುತ್ತಿದ್ದಳು. ಬೊಟ್ಟು ಸ್ವಲ್ಪ ಓರೆಯಾಗಿತ್ತು. ರಗ್ಗಕ್ಕ ಪಕ್ಕದಲ್ಲಿ ಚಹಾದ ಲೋಟ ಹಿಡಿದು, ಹಬೆಯೊಳಗೆ ನಗುತ್ತ ನಿಂತಿದ್ದಳು.

"ಬಿಟ್ರಂತೆ ಕಣೇ," ಅತ್ತಿಗೆ ಅವಳ ಎರಡೂ ಕೈ ಹಿಡಿದುಕೊಂಡಳು. "ನಾನು ಹೇಳಿ ಮುಗಿಸೋ ಹೊತ್ತಿಗೆ ಇನ್ಸ್‌ಪೆಕ್ಟರಿಗೆ ಎಲ್ಲ ಅರ್ಥ ಆಗೋಯ್ತು. ಎಷ್ಟು ಮರ್ಯಾದೆಯಿಂದ ಮಾತಾಡಿದ್ರು ಗೊತ್ತಾ? ಹಾಗಾದ್ರೆ ಹುಡುಗಿ ಊರು ಬಿಟ್ಟೇ ಇಲ್ಲ ಅನ್ನಿ, ಅಂತ ಎರಡೆರಡು ಸಲ ಕೇಳಿದ್ರು. ಹೌದು ಸಾರ್, ಬಿಟ್ಟೇ ಇಲ್ಲ ಅಂದೆ. ಸರಿ ಅಂತ ಅಲ್ಲೇ ನಿಮ್ಮಣ್ಣನ್ನ ಕಳಿಸಿಬಿಟ್ರು."

"ಎಲ್ಲಿ ಅವನು?"

"ಬರ್ತಿದಾರೆ. ನಡ್ಕೊಂಡು ಬರೋದು ಬೇಡ ಅಂತ ಆ ಹುಡುಗಿಯ ಅಣ್ಣನೇ ಜೀಪಲ್ಲಿ ಕೂರಿಸ್ಕೊಂಡು ಹೊರಟ್ರಂತೆ. ಎಷ್ಟು ದೊಡ್ಡ ಮನಸ್ಸು ನೋಡು. ತಂಗಿ ಕಳೆದುಹೋದ ದುಃಖದಲ್ಲೂ."

ಕೊಕ್ಕೆ ಕೈ ಬಿಡಿಸಿಕೊಂಡು ಗೇಟಿನ ಹೊರಗೆ ಬಂದು ನಿಂತಳು.

ಕೆಳಗೆ, ಪೇಟೆಯ ತಗಡಿನ ಮಾಡುಗಳ ನಡುವಿನಿಂದ ರಸ್ತೆ ಸುತ್ತಿ ಸುತ್ತಿ ಏರುತ್ತಿತ್ತು. ಕೊನೆಯ ತಿರುವಿನಲ್ಲಿ ಅದು ಸೀಳಿ, ಒಂದು ಕವಲು ಹಾಸ್ಟೆಲಿನ ಕಡೆಗೂ ಇನ್ನೊಂದು ಕವಲು ಒಂದೆರಡು ಪಾಳುಮನೆ ಬಿಟ್ಟರೆ ಏನೂ ಇಲ್ಲದ ಮೇಲಿನ ಗುಡ್ಡದ ಕಡೆಗೂ ಹೋಗುತ್ತಿತ್ತು. ಜೀಪು ಆ ತಿರುವಿಗೆ ಬಂದು ನಿಂತಿತು. ಇಂಜಿನ್ನಿನ ಸದ್ದು ನಿಲ್ಲಲಿಲ್ಲ.

ಹಿಂದಿನ ಸೀಟಿನಲ್ಲಿ ಅವಳ ಅಣ್ಣ ಇಬ್ಬರ ನಡುವೆ ಕೂತಿದ್ದ. ಒಬ್ಬ ಕರ್ಚೀಫು. ಇನ್ನೊಬ್ಬನನ್ನು ಅವಳು ಎಂದೂ ನೋಡಿರಲಿಲ್ಲ. ಯಾರೋ ಏನೋ ಕೇಳಿದಂತಾಯಿತು. ಅಣ್ಣ ತಲೆಯಲ್ಲಾಡಿಸಿದ. ಇನ್ನೊಮ್ಮೆ ಕೇಳಿದಂತಾಯಿತು. ಅವನು ಮುಖವೆತ್ತಿ ಹಾಸ್ಟೆಲಿನ ಕಡೆ ನೋಡಿದ. ಗೇಟಿನಲ್ಲಿ ನಿಂತ ತಂಗಿಯನ್ನೂ, ಅವಳ ಹಿಂದೆ ಬಂದು ಕೈ ಬೀಸುತ್ತಿದ್ದ ಹೆಂಡತಿಯನ್ನೂ ನೋಡಿದ. ಕರ್ಚೀಫೂ ಅವನ ಜೊತೆಗೇ ತಿರುಗಿ ಅವರಿಬ್ಬರನ್ನು ನೋಡಿದ. ಮತ್ತೆ ಅಣ್ಣನ ಕಡೆ ಬಾಗಿ, ಕಿವಿಯಲ್ಲಿ, ಸಾವಧಾನವಾಗಿ ಏನೋ ಹೇಳಿದ.

ಈ ಸಲ ಅಣ್ಣ ತಲೆಯಲ್ಲಾಡಿಸಲಿಲ್ಲ. ಕೈಯೆತ್ತಿ ಮೇಲಿನ ಗುಡ್ಡದ ರಸ್ತೆ ತೋರಿಸಿದ. ಜೀಪು ಆ ಕಡೆಗೇ ತಿರುಗಿತು.

"ಅಯ್ಯೋ, ಆ ಕಡೆ ಯಾಕೆ ಹೋಗ್ತಿದಾರೆ?" ಅತ್ತಿಗೆಯ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. "ಮನೆ ಈ ಕಡೆ ಅಂತ ಇವರು ಹೇಳಲಿಲ್ವಾ?"